ಒಳಗಡವಿನ ಹದಿನೆಂಟು ತಲೆ

೧೩ ಮೇ ೧೯೪೧, ಮಂಗಳವಾರ. ಗಂಗಾವತಿ

ಕಾಯಿದೆಯ ಕಲಮು ಒಂಬತ್ತರ ತರ್ಜುಮೆ ಮುಗಿಯಿತು. ಇನ್ನು ಐದು ಇವೆ. ಉರ್ದುವಿನ ಒಂದು ವಾಕ್ಯ ಗಂಗಾವತಿಯಲ್ಲಿ ಹೊರಟರೆ ಕೊಪ್ಪಳದಲ್ಲಿ ಹೋಗಿ ನಿಲ್ಲುತ್ತದೆ. ಕನ್ನಡಕ್ಕೆ ತರುವಾಗ ನಾಲ್ಕು ಕಡೆ ಮುರಿದೆ. ಮೇಲಧಿಕಾರಿ ನಜೀರಸಾಬರು ತಿದ್ದಲಾರರು. ಕನ್ನಡ ಮಾತಾಡಬಲ್ಲರು, ಓದಲು ಬಾರದು. ಈ ದಿನಚರಿಯ ವಹಿಯನ್ನು ಕನ್ನಡದಲ್ಲಿ ಬರೆಯುವುದೂ ಅದಕ್ಕೇ.

ಕಾಯಿದೆ ಹೊಸದು. ಹೊಳೆ ದಾಟಿ ಇಂಗ್ಲಿಷರ ದಂಡೆಗೆ ಹೋಗುವ ದೊಡ್ಡ ಕಡವಿಗೆ ಮೊದಲಿಂದಲೂ ಕಾಯಿದೆ ಇತ್ತು—ಎರಡು ಸರಕಾರ, ಎರಡು ರಿಜಿಸ್ಟರು, ಎರಡು ಕಡೆ ಬೈಗುಳ. ನಮ್ಮ ದಂಡೆಯಿಂದ ನಮ್ಮದೇ ನಡುಗಡ್ಡೆಗೆ ಹೋಗುವವರಿಗೆ ಮಾತ್ರ ಏನೂ ಇರಲಿಲ್ಲ. ಗಡಿ ದಾಟದವನು ಮುಳುಗಿದರೆ ಅದು ಅವನ ಮನೆಯ ವಿಷಯ. ಇನ್ನು ಮೇಲೆ ಒಳಗಡವಿಗೂ ಪರವಾನಗಿ. ಹರಿಗೋಲಿಗೆ ಇಷ್ಟೇ ತಲೆ ಎಂದು ಅಂಕಿ ಗೊತ್ತುಮಾಡಿ, ಹಲಗೆಯ ಮೇಲೆ ಬರೆದು ಕಡವಿನಲ್ಲಿ ನೆಡಬೇಕು.

ಅಂಕಿ ಗೊತ್ತುಮಾಡುವವನು ನಾನು. ಮುನಶಿ ಗವಿಸಿದ್ದಪ್ಪ, ಒಳಗಡವು ಪರೀಕ್ಷಕ. ಓದಿಕೊಂಡರೆ ಚೆನ್ನಾಗಿಯೇ ಕೇಳಿಸುತ್ತದೆ.

ಕಲಮು ಏಳು ಮಾತ್ರ ಎರಡು ಸಲ ಓದಿದೆ. ಪರೀಕ್ಷಕನು ಹರಿಗೋಲಿನಲ್ಲಿ ಖುದ್ದು ಕೂತು, ತುಂಬಿದ ಜನದೊಂದಿಗೆ ಹೋಗಿ ಬಂದು, ನಡುನೀರಿನಲ್ಲಿ ಅಂಚಿಗೂ ನೀರಿಗೂ ಒಂದು ಗೇಣು ಉಳಿಯುವುದನ್ನು ಕಣ್ಣಾರೆ ನೋಡಿ...

ಖುದ್ದು. ಬೇರೆ ದಾರಿ ಇಟ್ಟಿಲ್ಲ.

೧೬ ಮೇ, ಶುಕ್ರವಾರ. ರಜೆ

ಶೇಖರಮ್ಮನಿಗೆ ಹೇಳಿದೆ. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

"ಬಾವ್ಯಾಗ ಹಣಿಕಿ ನೋಡಾಕ ಅಂಜತೀರಿ. ನಿಮ್ಮನ್ನ ಹೊಳಿಗೆ ಅಧಿಕಾರಿ ಮಾಡ್ಯಾರ?"

ಹೆಂಡತಿ ನಕ್ಕರೆ ಸಿಟ್ಟು ಬರುತ್ತದೆ. ನಿಜ ಹೇಳಿ ನಕ್ಕರೆ ಇನ್ನೂ ಹೆಚ್ಚು. ನಾನು ಕುಷ್ಟಗಿಯಲ್ಲಿ ಹುಟ್ಟಿದವನು. ಅಲ್ಲಿ ನೀರು ಅಂದರೆ ಕೊಡದಲ್ಲಿ ಇರುವ ವಸ್ತು. ಮೊಣಕಾಲಿನ ಮೇಲೆ ನೀರು ನಾನು ಕಂಡದ್ದೇ ಇಪ್ಪತ್ತೆರಡನೆಯ ವಯಸ್ಸಿಗೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿದೆ?

ಇದೆ. ಇಲ್ಲದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ.

೨೧ ಮೇ, ಬುಧವಾರ. ಸಂಜೆ

ಆನೆಗೊಂದಿ ಹತ್ತಿರದ ಕರೇಕಲ್ಲು ಕಡವಿಗೆ ಹೋಗಿ ಬಂದೆ. ಅಲ್ಲಿಂದ ಹೊಳೆ ನಡುವಿನ ಕರೇಕಲ್ಲ ಗಡ್ಡಿಗೆ ಒಂದೇ ಹರಿಗೋಲು. ಗಡ್ಡಿಯ ಮೇಲೆ ಬಾಳೆ, ಭತ್ತ, ಮೂವತ್ತು ಮನೆ. ಅಂಬಿಗ ಹುಸೇನಪ್ಪ. ನಲವತ್ತೈದು ಇರಬಹುದು. ಮಾತು ಕಡಿಮೆ, ತೋಳು ದಪ್ಪ. ಮೂರು ತಲೆಮಾರಿನಿಂದ ಇದೇ ನೀರು.

ಹರಿಗೋಲನ್ನು ಆ ವಾರವೇ ಹೊಸ ತೊಗಲು ಹಾಕಿ ಕಟ್ಟಿದ್ದರು. ಎಣ್ಣೆಯ ವಾಸನೆ. ಬುಟ್ಟಿ ಅದು. ಎಷ್ಟು ದೊಡ್ಡದಾದರೂ ಬುಟ್ಟಿಯೇ. ಮುಂದು ಹಿಂದು ಇಲ್ಲ. ಹನ್ನೆರಡು ಜನ ಹತ್ತಿ ಕೂತು ನನಗಾಗಿ ಕಾಯುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಒಂದು ಕಾಲು ಒಳಗೆ ಇಟ್ಟೆ. ಕೆಳಗಿನ ತೊಗಲು ಸರಿಯಿತು. ಉಸಿರಾಡುವ ದನದ ಹೊಟ್ಟೆಯ ಮೇಲೆ ಕಾಲಿಟ್ಟ ಹಾಗೆ.

ಕಾಲು ತೆಗೆದುಬಿಟ್ಟೆ.

ಬೆವರು. ತೊಡೆ ನಡುಗುವುದು ಧೋತರದ ಮೇಲೂ ಕಾಣುತ್ತಿತ್ತು. ಯಾರೋ ಹೆಂಗಸು ಕಿಸಕ್ ಅಂದಳು. ಆಗ ಹುಸೇನಪ್ಪ ನನ್ನತ್ತ ನೋಡದೆ, ಹುಟ್ಟು ಒರೆಸುತ್ತ, ಎಲ್ಲರಿಗೂ ಕೇಳುವಂತೆ ಹೇಳಿದ:

"ಮುನಶಿಯವರಿಗೆ ಮುಂಜಾನಿಂದ ಜ್ವರ ಬಂದಾವು. ನಾನ ಬರಬ್ಯಾಡ್ರಿ ಅಂದಿದ್ದೆ. ದಂಡಿ ಮ್ಯಾಲ ನಿಂತ ನೋಡತಾರ."

ನನಗೆ ಜ್ವರ ಇರಲಿಲ್ಲ. ಬರಬೇಡಿ ಎಂದು ಅವನು ಅಂದಿರಲೂ ಇಲ್ಲ. ಅವನನ್ನು ಕಂಡದ್ದೇ ಆಗ.

ಬಂಡೆಯ ಮೇಲೆ ನಿಂತೆ. ಹರಿಗೋಲು ಗಡ್ಡಿಗೆ ಹೋಗಿ ತಿರುಗಿ ಬಂತು. ಅಂಚು ಎಷ್ಟು ಉಳಿದಿತ್ತೋ ಕಾಣಲಿಲ್ಲ. ಬಿಸಿಲು, ದೂರ. ಹುಸೇನಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಹನ್ನೆರಡ ಬರೀರಿ. ನಮ್ಮಪ್ಪನ ಕಾಲದಿಂದ ಹನ್ನೆರಡರ ಮ್ಯಾಲ ಒಬ್ಬರನ್ನೂ ಹತ್ತಿಸಿಲ್ಲ. ದಂಡಿ ಮ್ಯಾಲಿಂದ ಗೊತ್ತಾಗೂದಿಲ್ರಿ ಇದು, ನಡುನೀರಾಗ ಕುಂತಾಗ ಗೊತ್ತಾಗತೈತಿ."

ಬುದ್ಧಿ ಹೇಳಿದ್ದಕ್ಕೆ ಸಿಟ್ಟು ಬಂತು. ನನ್ನ ಮಾನ ಉಳಿಸಿದವನು ಅವನೇ ಎಂಬುದಕ್ಕೆ ಇನ್ನೂ ಹೆಚ್ಚು ಸಿಟ್ಟು ಬಂತು. ಹಗ್ಗ ತರಿಸಿ ಹರಿಗೋಲಿನ ಅಗಲ ಅಳೆದೆ. ಕಾಯಿದೆಯ ಕೊನೆಯ ಕೋಷ್ಟಕದಲ್ಲಿ ಆ ಅಗಲಕ್ಕೆ 'ಹದಿನೆಂಟರವರೆಗೆ' ಎಂದಿದೆ. ಪರೀಕ್ಷೆಯ ಮೇಲೆ ತಗ್ಗಿಸುವುದು ಪರೀಕ್ಷಕನ ಜವಾಬ್ದಾರಿ. ನಾನು ತಗ್ಗಿಸಲಿಲ್ಲ. ಹದಿನೆಂಟು ಅಂದೆ.

ಹೊರಡುವಾಗ ಹರಿಗೋಲಿನಿಂದ ಇಳಿದ ಹುಡುಗಿಯೊಬ್ಬಳು, ಫಾತಿಮಾಬೀ ಅಂತೆ, ಬಾಳೆ ಮಾರುವ ತಾಜಬೀಯ ಮಗಳು, ಎರಡು ಹಣ್ಣು ಕೈಯಲ್ಲಿಟ್ಟಳು. "ಜ್ವರದ ಬಾಯಿಗಿ ಛಲೋ ಇರತಾವು, ತಿನ್ನರಿ."

ದಾರಿಯಲ್ಲಿ ತಿಂದೆ. ರುಚಿಯಾಗಿದ್ದವು.

೨೨ ಮೇ, ಗುರುವಾರ

ರಿಜಿಸ್ಟರು ಉರ್ದುವಿನಲ್ಲಿ ಬರೆದೆ. 'ಖುದ್ದು ಕೂತು, ದಾಟಿ, ನೋಡಿದ್ದೇನೆ. ಹದಿನೆಂಟು ತಲೆ.' ರುಜು. ನಜೀರಸಾಬರು ಕನ್ನಡಕ ಏರಿಸಿ ನೋಡಿದರು. ವಿಷಯವನ್ನಲ್ಲ, ಅಕ್ಷರವನ್ನು.

"ಮಾಶಾಅಲ್ಲಾ, ಮುತ್ತಿನಂಗ ಬರೀತೀರಿ ಮುನಶಿಯವರ."

ದಿನವಿಡೀ ಖುಷಿಯಾಗಿದ್ದೆ. ಹೀಗೂ ಇರಬಹುದು ಮನುಷ್ಯ.

೩೦ ಜೂನ್, ಸೋಮವಾರ

ಐದು ವಾರ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದುಕೊಂಡೆ.

ಇಂದು ಹಲಗೆಗಳನ್ನು ನೋಡಲು ಸೈಕಲ್ಲಿನ ಮೇಲೆ ಹೋದೆ. ಹಲಗೆ ಚೆನ್ನಾಗಿ ಕಾಣುತ್ತದೆ. ಬೇವಿನ ಮರದ ಕೆಳಗೆ, ಬಿಳಿ ಬಣ್ಣದಲ್ಲಿ: ಕರೇಕಲ್ಲು ಒಳಗಡವು, ೧೮. ಹರಿಗೋಲಿನಲ್ಲಿ ಹದಿನಾರು ಜನ ಕೂತಿದ್ದರು. ಕಳೆ ಕೀಳಲು ಗಡ್ಡಿಗೆ ಹೋಗುವ ಹೆಂಗಸರು. ಹುಸೇನಪ್ಪ ನಾಲ್ವರನ್ನು ಇಳಿಯಲು ಹೇಳುತ್ತಿದ್ದ.

"ಯಾಕ ಇಳೀಬೇಕು? ಸರಕಾರ ಹದಿನೆಂಟ ಮಂದೀನ್ನ ಕುಂಡ್ರಸು ಅಂತ ಬರದೈತಿ. ನೀ ಯಾವ ದೊರಿ, ಬ್ಯಾಡ ಅನ್ನಾಂವಾ?"

ಅವರ ಜೊತೆ ಹೊರಟಿದ್ದ ಗಡ್ಡಿಯ ಮುದುಕ ಸಣ್ಣಪ್ಪ ಹೀಗೆನ್ನುತ್ತ ಹಲಗೆಗೆ ಕೋಲಿನಿಂದ ಕುಟ್ಟಿ ತೋರಿಸಿದ. ಎಲ್ಲರೂ ನಕ್ಕರು. ಮೊದಲೆಲ್ಲ ಹುಸೇನಪ್ಪ 'ಸಾಕು' ಅಂದರೆ ಸಾಕು, ಮರುಮಾತಿಲ್ಲ. ಈಗ ಅವನ ಮಾತಿಗಿಂತ ದೊಡ್ಡ ಮಾತು ಹಲಗೆಯ ಮೇಲಿದೆ. ಇದಕ್ಕಿಂತ ಹೆಚ್ಚು ಹತ್ತಿಸಬೇಡ ಎನ್ನಲು ಬರೆದದ್ದು, ಇಷ್ಟು ಹತ್ತಿಸಲೇಬೇಕು ಎಂದಾಗಿ ಕೂತಿದೆ.

ಅವನು ನನ್ನನ್ನು ಪಕ್ಕಕ್ಕೆ ಕರೆದ. "ಹಲಗಿ ಮ್ಯಾಲ ಹನ್ನೆರಡ ಮಾಡಿಕೊಡ್ರಿ. ಆಷಾಢ ಬಂತು. ಹೊಳಿ ಏರಿ ಕೆಂಪನೀರು ಬಂದ್ರ ನನ್ನ ಕೈಯಾಗ ಇರೂದಿಲ್ಲ."

ಅಂಕಿ ಬದಲಾಗಬೇಕಾದರೆ ಮತ್ತೆ ಪರೀಕ್ಷೆ ಆಗಬೇಕು. ಮತ್ತೆ ಪರೀಕ್ಷೆ ಅಂದರೆ ಮತ್ತೆ ಆ ಬುಟ್ಟಿ. "ದಸರೆ ಆದ ಮೇಲೆ ನೋಡೋಣ, ನೀರು ಇಳಿಯಲಿ" ಅಂದೆ. ನೀರು ಏರುವುದಕ್ಕೆ ಅಂಜಿ ಅವನು ಕೇಳಿದ್ದು. ಇಳಿದ ಮೇಲೆ ನೋಡೋಣ ಅಂದವನು ನಾನು. ಅವನು "ಆತ್ರಿ" ಅಂದ. ಸುಮ್ಮನೆ ತಲೆ ಅಲ್ಲಾಡಿಸಿ ಹೋದ.

೯ ಆಗಸ್ಟ್, ಶನಿವಾರ. ನಾಲ್ಕು ಗಂಟೆ

ಕರೇಕಲ್ಲು ಕಡವಿನಲ್ಲಿ ಹರಿಗೋಲು ಮುಳುಗಿದೆ. ಮುಂಜಾನೆ ಎಂಟಕ್ಕೆ. ಓಲೇಕಾರ ಓಡಿ ಬಂದು ಹೇಳಿದ. ನಜೀರಸಾಬರು ಜಟಕಾದಲ್ಲಿ ಹೋದರು. ನಾನು ಕಚೇರಿಯಲ್ಲಿ ಉಳಿದೆ. ರಿಜಿಸ್ಟರು ಬೇಕಾಗಬಹುದು ಎಂದು ನೆಪ ಹೇಳಿದೆ.

ಎಷ್ಟು ಜನ ಇದ್ದರು ಎಂದು ಯಾರಿಗೂ ಗೊತ್ತಿಲ್ಲ. ಹತ್ತೊಂಬತ್ತು ಇರಲಿ, ಇಪ್ಪತ್ತು ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

೧೦ ಆಗಸ್ಟ್, ಭಾನುವಾರ

ಹದಿನೇಳು.

ಹುಸೇನಪ್ಪ ಮುಳುಗಿ ಮುಳುಗಿ ಎದ್ದು ಒಂಬತ್ತು ಜನರನ್ನು ದಂಡೆಗೆ ಹಾಕಿದನಂತೆ. ಉಳಿದವರು ತಾವೇ ಬಂಡೆ ಹಿಡಿದರು. ಇಬ್ಬರು ಸಿಗಲಿಲ್ಲ. ಸಂಜೆ ಕೆಳಗಿನ ಮಡುವಿನಲ್ಲಿ ಸಿಕ್ಕರು. ಮುದುಕ ಸಣ್ಣಪ್ಪ. ಮತ್ತು ಫಾತಿಮಾಬೀ.

ಅನ್ನದ ತಟ್ಟೆ ಸರಿಸಿದೆ. ಶೇಖರಮ್ಮ ಏನೂ ಕೇಳಲಿಲ್ಲ. ಅವಳಿಗೆ ಗೊತ್ತಾಗಿದೆ ಅನಿಸುತ್ತದೆ. ಕೇಳಿದ್ದರೆ ಚೆನ್ನಾಗಿತ್ತು.

೨೦ ಆಗಸ್ಟ್, ಬುಧವಾರ

ತಾಜಬೀ ಕಚೇರಿಗೆ ಬಂದಿದ್ದಳು. ನಜೀರಸಾಬರು ಇರಲಿಲ್ಲ. ಬಾಗಿಲ ಹತ್ತಿರ ಕೂತಳು. ಕುರ್ಚಿ ತೋರಿಸಿದೆ, ಏಳಲಿಲ್ಲ. ಅವಳೂ ಆ ಹರಿಗೋಲಿನಲ್ಲಿ ಇದ್ದವಳೇ. ಕೈಯ ಮೇಲೆ ಬಂಡೆ ಕೆರೆದ ಗಾಯ ಇನ್ನೂ ಹಸಿ.

"ಹಲಗಿ ಮ್ಯಾಲ ಹದಿನೆಂಟ ಅಂತ ಬರದಾರಂತ. ನಾವು ಹದಿನೇಳ ಮಂದಿ ಇದ್ದಿವ್ರಿ. ಎಣಿಸೇ ಹತ್ತಿದ್ದಿವಿ. ಮತ್ಯಾಕ ಮುಳುಗಿತ್ರಿ, ಮುನಶಿಯವರ?"

ಅಷ್ಟೇ ಕೇಳಿದಳು. ಬೈಯಲಿಲ್ಲ, ಅಳಲಿಲ್ಲ. ಲೆಕ್ಕ ತಪ್ಪಿದ್ದೆಲ್ಲಿ ಎಂದು ನಿಜವಾಗಿಯೂ ತಿಳಿಯದೆ, ಓದು ಬಲ್ಲವನ ಹತ್ತಿರ ಬಂದಿದ್ದಳು.

ನಾನು ಹೇಳಿದೆ—ಅಂಬಿಗ ಎಚ್ಚರ ತಪ್ಪಿದ್ದರಿಂದ.

ಬಾಯಿಂದ ಬಂದುಹೋಯಿತು. ಬಂದುಹೋಯಿತು ಎನ್ನುವುದೂ ಸುಳ್ಳು. ಅವಳು ಒಳಗೆ ಕಾಲಿಡುವ ಮೊದಲೇ ನನ್ನಲ್ಲಿ ಆ ಉತ್ತರ ತಯಾರಿತ್ತು.

"ಹಂಗೇನ್ರಿ..." ಅಂದಳು. ಸೆರಗು ಸರಿ ಮಾಡಿಕೊಂಡಳು. "ನನ್ನ ಕೂದಲಾ ಹಿಡದು ಎಳದು ಹಾಕಿದಾಂವ ಅಂವನ ರಿ. ಮಗಳಿಗಿ ಮೊದಲ ಹೋಗಬೇಕಿತ್ತು ಅಂವಾ. ಇನ್ನ ಅಂವನ ಮಾರಿ ನೋಡೂದಿಲ್ಲ."

೨೫ ಆಗಸ್ಟ್, ಸೋಮವಾರ

ವಿಚಾರಣೆ. ಕೊಪ್ಪಳದಿಂದ ದೊಡ್ಡ ಸಾಹೇಬರು ಬಂದರು. ಸಣ್ಣ ಮೀಸೆ, ದೊಡ್ಡ ಗಡಿಯಾರ, ಕಾಯಿದೆ ಬಾಯಿಪಾಠ. ಜನ ಎಷ್ಟು? ಹದಿನೇಳು. ಹಲಗೆ ಎಷ್ಟು? ಹದಿನೆಂಟು. ಹಾಗಾದರೆ ಅತಿಭಾರ ಇಲ್ಲ. ಹಾಗಾದರೆ ಒಂದೋ ಅಂಕಿ ತಪ್ಪು, ಇಲ್ಲ ಅಂಬಿಗ ತಪ್ಪು. ಮೂರನೆಯದಿಲ್ಲ ಎಂದರು.

ರಿಜಿಸ್ಟರು ತೆರೆದರು. ನನ್ನ ಮುತ್ತಿನಂಥ ಅಕ್ಷರ.

"ನೀವು ಖುದ್ದು ಕೂತಿದ್ದಿರಾ?"

"ಹೌದು ಸಾಹೇಬ."

ಹುಸೇನಪ್ಪ ಎದುರಿಗೇ ನಿಂತಿದ್ದ. ಕಾಲಿಗೆ ಚಪ್ಪಲಿ ಇಲ್ಲ. ಸಾಹೇಬರು ಅವನತ್ತ ತಿರುಗಿದರು. ಉರ್ದುವಿನಲ್ಲಿ ಕೇಳಿದ ಪ್ರಶ್ನೆಯನ್ನು ಅವನಿಗೆ ಕನ್ನಡದಲ್ಲಿ ಹೇಳಬೇಕಾದವನು ನಾನೇ. ಅಲ್ಲಿ ಬೇರೆ ದುಭಾಷಿ ಇರಲಿಲ್ಲ. ಕೇಳಿದೆ, ನನ್ನ ಬಾಯಿಂದಲೇ:

"ಮುನಶಿ ಹರಿಗೋಲಿನಲ್ಲಿ ಕೂತಿದ್ದನೇ?"

ಅವನು ನನ್ನನ್ನು ನೋಡಿದ. ಬಹಳ ಹೊತ್ತಲ್ಲ. ನಾನು ನೆಲ ನೋಡಿದೆ. "ಕುಂತಿದ್ರು ರಿ" ಅಂದ.

ನಾನು ಅದನ್ನು ಉರ್ದುವಿಗೆ ತಂದೆ. ಆ ತರ್ಜುಮೆಯಲ್ಲಿ ಒಂದು ತಪ್ಪೂ ಇಲ್ಲ.

ಆಮೇಲೆ ನೀರಿನ ಗಡಿಗೆಯ ಹತ್ತಿರ ಸಿಕ್ಕ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ನಮ್ಮ ಮಂದ್ಯಾಗ ಒಂದ ಕಟ್ಟಳಿ ಐತ್ರಿ. ಹರಗೋಲದಾಗ ಕಾಲ ಇಟ್ಟಾವರು ಅಂಜಿದ್ದನ್ನ ದಂಡಿ ಮ್ಯಾಲ ಆಡಬಾರದು. ಆಡಿದ್ರ ಯಾರೂ ಅಂಬಿಗನ್ನ ನಂಬಿ ಹತ್ತೂದಿಲ್ಲ. ನೀವು ಒಂದ ಕಾಲ ಇಟ್ಟಿದ್ರೆಲ್ಲ."

"ನಿನಗೆ ಸಜೆ ಆಗುತ್ತದೆ."

"ಹತ್ತಸಬಾರದಿತ್ರಿ ನಾನು. ಹಲಗಿ ಏನರ ಹೇಳಲಿ, ನೀರ ನನಗ ಗೊತ್ತಿತ್ತಲ್ಲ. ಮಂದಿ ನಕ್ಕರಂತ ಹತ್ತಿಸಿದೆ."

ಮಂದಿ ನಕ್ಕರಂತ. ಅವನೂ ಅದಕ್ಕೇ. ಆದರೆ ಅವನು ಅದನ್ನು ಹೇಳಿಬಿಟ್ಟ, ಗಡಿಗೆಯ ಹತ್ತಿರ ನಿಂತು, ನೀರು ಕುಡಿಯುತ್ತ.

೧೧ ಸೆಪ್ಟೆಂಬರ್, ಗುರುವಾರ

ಆರು ತಿಂಗಳು. ತೀರ್ಪನ್ನು ಕನ್ನಡದಲ್ಲಿ ಓದಿ ಹೇಳಿದವನು ನಾನು. ಆರು ತಿಂಗಳು ಅನ್ನುವಾಗ ತಲೆ ಅಲ್ಲಾಡಿಸಿದ. ಕಲಮು ಹದಿನಾಲ್ಕು ಓದುವಾಗ—ಸಜೆಯಾದವನಿಗೆ ಜೀವಮಾನದಲ್ಲಿ ಯಾವ ಕಡವಿನ ಪರವಾನಗಿಯೂ ಇಲ್ಲ, ಹುಟ್ಟು ಮುಟ್ಟತಕ್ಕದ್ದಲ್ಲ—"ಇನ್ನೊಮ್ಮೆ ಓದ್ರಿ" ಅಂದ.

ಓದಿದೆ.

"ಜೀವಮಾನ ಅಂದ್ರ ಸಾಯೂತನಕ ಏನ್ರಿ?"

ಹೌದು ಎಂದೆ. ಆಗ ಅವನ ಮುಖ ಬದಲಾಯಿತು. ಬೇಡಿಗೆ ಬದಲಾಗದ ಮುಖ. ಅವನ ಹೆಂಡತಿ ದುರಗಮ್ಮ ಗೋಡೆಗೆ ಒರಗಿ ನಿಂತವಳು ಹಾಗೇ ಕೆಳಗೆ ಕೂತಳು.

ಜೀವಮಾನ ಎಂಬ ಮಾತು ಮೇ ತಿಂಗಳಲ್ಲಿ ಬರೆಯುವಾಗ ಎಷ್ಟು ಸಲೀಸಾಗಿ ಬಂದಿತ್ತು.

೧೬ ಡಿಸೆಂಬರ್, ಮಂಗಳವಾರ

ಮೂರು ತಿಂಗಳು ಈ ವಹಿ ಟ್ರಂಕಿನ ತಳದಲ್ಲಿತ್ತು. ಕಾಣದಿರಲಿ ಎಂದು ನಾನೇ ಇಟ್ಟದ್ದು.

ಹೊಸ ಸುತ್ತೋಲೆ ಬಂದಿದೆ. ಆ ಅಗಲದ ಹರಿಗೋಲಿಗೆಲ್ಲ ಹನ್ನೆರಡೇ ತಲೆ. 'ಅಪಘಾತದ ಅನುಭವದ ಮೇಲೆ.' ನಜೀರಸಾಬರು ಬೆನ್ನು ತಟ್ಟಿದರು. ಸುತ್ತೋಲೆಗೆ ಹನ್ನೆರಡು ಸಾಕು ಎಂದು ವರದಿ ಬರೆದವನು ನಾನಲ್ಲವೇ. ಹುಸೇನಪ್ಪ ಬಂಡೆಯ ಹತ್ತಿರ ತಗ್ಗಿದ ದನಿಯಲ್ಲಿ ಕೊಟ್ಟ ಅಂಕಿಗೆ ನನಗೆ ಶಾಬಾಸಕಿ.

ಅದೇ ಹೊತ್ತಿಗೆ ದುರಗಮ್ಮ ಬಂದಳು. ಬಾಳೆನಾರು ಹೊಸೆದು ಹಗ್ಗ ಮಾಡಿ ಮಾರುತ್ತಾಳೆ ಈಗ. ಬೆರಳುಗಳು ಕಪ್ಪಾಗಿವೆ.

"ಗಡ್ಡಿ ಹೆಣ್ಣಮಕ್ಕಳು ನನ್ನ ಜೋಡಿ ಮಾತಾಡೂದಿಲ್ರಿ. ತಾಜಬೀ ನಮ್ಮ ಮನಿ ಮುಂದ ಹಾದ್ರ ಸೆರಗ ಮಾರಿಗಿ ಹಾಕ್ಕೋತಾಳ. ಅಂವಾ ಯಾಕ ಹತ್ತಿಸಿದ ಅಂತ ಜೇಲಿನ್ಯಾಗ ಕೇಳಿದೆ. ಬಾಯಿ ಬಿಡೂದಿಲ್ಲ. ನಿಮಗೇನರ ಗೊತ್ತೈತೇನ್ರಿ?"

"ನನಗೇನು ಗೊತ್ತಮ್ಮಾ" ಅಂದೆ.

ಹಿಂದೆಯೇ ಓಡಬೇಕು ಅನಿಸಿತು. ಅನಿಸಿದ್ದನ್ನು ಮಾಡುವವನಾಗಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ.

೧೯ ಜನವರಿ ೧೯೪೨, ಸೋಮವಾರ

ಬರೆದುಕೊಟ್ಟೆ. ಹೌದು, ಬರೆದೆ. ಉರ್ದುವಿನಲ್ಲಿ, ಒಂದು ಪುಟ. ಪರೀಕ್ಷೆಯ ದಿನ ನಾನು ಹರಿಗೋಲಿನಲ್ಲಿ ಕೂತಿರಲಿಲ್ಲ, ಅಂಬಿಗ ಹನ್ನೆರಡು ಎಂದಿದ್ದ, ಎರಡು ಸಲ. ರುಜು ಮಾಡಿ ನಜೀರಸಾಬರ ಮೇಜಿನ ಮೇಲಿಟ್ಟೆ.

ಅವರು ಎದ್ದು ಬಾಗಿಲು ಹಾಕಿ ಬಂದರು. ಕೆಟ್ಟವರಲ್ಲ ಆತ. ನಿಜವಾಗಿ ಕೆಟ್ಟವರಲ್ಲ.

"ನಿಮಗ ತಲಿ ಕೆಟ್ಟೈತೇನ್ರಿ? ಫೈಲ್ ಬಂದ್ ಆಗೇದ. ಅಂವಂದು ಎರಡ ತಿಂಗಳ ಉಳದಾವು, ಬರತಾನ. ನಿಮ್ಮದು ನೌಕರಿ ಹೋಗತದ, ಝೂಟಿ ಗವಾಹಿ, ಸುಳ್ಳ ಸಾಕ್ಷಿ ಅಂತ ಜೇಲೂ ಆಗತದ. ಸತ್ತಾವರೇನು ಎದ್ದ ಬರತಾರೇನ್ರಿ? ಇಟಗೋರಿ ಇದನ್ನ."

ಕಾಗದ ಮಡಿಚಿ ನನ್ನ ಜೇಬಿಗೆ ಅವರೇ ಹಾಕಿದರು.

ಮನೆಗೆ ನಡೆದು ಬರುವಾಗ ಹಗುರವಾಗಿತ್ತು. ನಾನು ಹೇಳಿದೆ, ಅವರು ಬೇಡ ಅಂದರು, ಇನ್ನೇನು ಮಾಡಲಿ. ಸಂತೆಯಲ್ಲಿ ಮೆಣಸಿನಕಾಯಿ ಕೊಂಡೆ. ಊಟ ಸೇರಿತು, ತಿಂಗಳುಗಳ ಮೇಲೆ. ಇಲ್ಲಿ ಬರೆಯಲು ಕೂತಾಗ ಗೊತ್ತಾಯಿತು, ಇಲ್ಲ ಅನ್ನುವವರ ಹತ್ತಿರವೇ ಆರಿಸಿ ಹೋಗಿದ್ದೆ. ದೊಡ್ಡ ಸಾಹೇಬರ ಹೆಸರಿಗೆ ಅಂಚೆಗೆ ಹಾಕಬಹುದಿತ್ತು. ಎರಡು ಆಣೆಯ ಕೆಲಸ. ಹೊಳೆಯಲಿಲ್ಲ ಎಂದು ಹೇಳಲಾರೆ.

೪ ಮಾರ್ಚ್, ಬುಧವಾರ

ಹುಸೇನಪ್ಪ ಒಂದು ವಾರ ಮುಂಚೆಯೇ ಬಿಡುಗಡೆಯಾಗಿ ಬಂದಿದ್ದಾನೆ. ಕಡವಿಗೆ ಹೋಗಿದ್ದೆ, ಹೊಸ ಹಲಗೆ ನೋಡುವ ಕೆಲಸದ ಮೇಲೆ. ಪರವಾನಗಿ ಈಗ ಬೇರೊಬ್ಬನ ಹೆಸರಿಗಿದೆ. ಕಂಪ್ಲಿ ಕಡೆಯಿಂದ ಬಂದವನು. ಈ ನೀರು ಗೊತ್ತಿಲ್ಲ, ಹರಿಗೋಲು ಸುತ್ತು ಹಾಕಿ ಹಾಕಿ ಹೋಗುತ್ತದೆ.

ಹುಸೇನಪ್ಪ ಬಂಡೆಯ ಮೇಲೆ ಕೂತಿದ್ದ. ಅಂದು ನಾನು ನಿಂತಿದ್ದ ಬಂಡೆಯೇ. ಹರಿಗೋಲು ಸುಳಿಗೆ ಸಿಕ್ಕಾಗಲೆಲ್ಲ ಅವನ ಬಲಗೈ ಮೊಣಕಾಲಿನ ಮೇಲೆ ತಾನಾಗಿ ಹುಟ್ಟು ಹಾಕುತ್ತಿತ್ತು. ಅವನಿಗೆ ಅದು ತಿಳಿದಂತಿರಲಿಲ್ಲ. ಹರಿಗೋಲು ದಂಡೆಗೆ ಬಂದಾಗ ಇಳಿದ ಹೆಂಗಸರು ಅವನನ್ನು ಸುತ್ತು ಬಳಸಿ ನಡೆದರು. ತಾಜಬೀ ಉಗುಳಿದಳು. ಅವನ ಮೇಲಲ್ಲ, ನೆಲದ ಮೇಲೆ. ಅವನು ಎದ್ದು ಅವಳಿಗೆ ದಾರಿ ಬಿಟ್ಟ.

ನಾನು ಹಲಗೆ ಓದಿದೆ. ೧೨. ಸರಿಯಾಗಿದೆ ಎಂದು ಗುರುತು ಹಾಕಿದೆ.

೧೭ ಮಾರ್ಚ್, ಮಂಗಳವಾರ

ಇಬ್ಬರ ಮುಂದೆ ನಿಜ ಆಡಿದೆ.

ಮೊದಲು ಶೇಖರಮ್ಮನಿಗೆ. ಎಲ್ಲ ಕೇಳಿದಳು. ಈ ಸಲ ನಗಲಿಲ್ಲ. "ನಾ ಅವತ್ತ ನಗಬಾರದಿತ್ತು" ಅಂದಳು. ಅವಳದೇನೂ ತಪ್ಪಿಲ್ಲ ಎಂದೆ. ಒಲೆ ಆರಿಸಿ ಬಂದು ಅಂದಳು: "ನೌಕರಿ ಹೋದ್ರ ಕುಷ್ಟಗಿಗೆ ಹೋಗೂಣು. ನಿಮ್ಮಪ್ಪನ ಹೊಲ ಐತಿ, ಜ್ವಾಳ ಬೆಳೀತೈತಿ. ಜೇಲ ಆದ್ರ ಬುತ್ತಿ ತಂದಕೊಡತೇನಿ. ಹಿಂಗ ಮಾತ್ರ ಇರಬ್ಯಾಡ್ರಿ. ನಿಮ್ಮ ಜೋಡಿ ಉಣ್ಣಾಕ ಬ್ಯಾಸರಾಗೇತಿ ನನಗ."

ಆಮೇಲೆ ತಾಜಬೀಗೆ. ಸಂತೆಯಲ್ಲಿ ಬಾಳೆಯ ಬುಟ್ಟಿಯ ಹಿಂದೆ ಕೂತಿದ್ದಳು. ಕುಕ್ಕರಗಾಲಿನಲ್ಲಿ ಕೂತು ಹೇಳಿದೆ. ನಾನು ಹರಿಗೋಲಿನಲ್ಲಿ ಕೂತಿರಲಿಲ್ಲ. ಅಂಜಿದ್ದೆ. ಅವನು ಹನ್ನೆರಡು ಅಂದಿದ್ದ. ಕಚೇರಿಯಲ್ಲಿ ನಿನಗೆ ಹೇಳಿದ್ದು ಸುಳ್ಳು.

ಅವಳು ನೊಣ ಓಡಿಸುವುದನ್ನು ನಿಲ್ಲಿಸಿದಳು.

"ನೀವು ಕುಂತಿರಲಿಲ್ಲ ಅನ್ನೂದು ಗಡ್ಡಿಗೆಲ್ಲಾ ಗೊತ್ತೈತ್ರಿ. ನಾವ ಆ ದಂಡಿಗಿ ನಿಂತ ನೋಡಿದ್ದಿವಿ. ಹರಗೋಲ ಬಂತು, ನೀವ ಬರಲಿಲ್ಲ. ಓದಿದಾವರು, ದಂಡಿ ಮ್ಯಾಲಿಂದನ ನಿಮಗ ಎಲ್ಲಾ ಕಾಣತೈತಿ ಅಂದಕೊಂಡಿವಿ."

ಬೈದಿದ್ದರೆ ತಾಳಿಕೊಳ್ಳಬಹುದಿತ್ತು.

"ಹನ್ನೆರಡ ಅಂದಿದ್ದಂತ ಮಾತ್ರ ಗೊತ್ತಿರಲಿಲ್ಲ" ಅಂದಳು. ದನಿ ಅಲ್ಲಿಗೆ ಒಡೆಯಿತು. "ಆರ ತಿಂಗಳ ಉಗುಳೇನಿ ನಾನು, ಅಂವನ ಮನಿ ಮುಂದ. ಇದನ್ನ ನನಗ ಹೇಳಿದ್ರ ಏನಾತ್ರಿ? ಬರಕೊಂಡ ಹೋದ ಸಾಹೇಬನ ಮುಂದ ಹೇಳ್ರಿ, ಹೋಗ್ರಿ."

ಎದ್ದೆ. ಹೊಸ ಅರ್ಜಿಗೆ ಕಾಗದ ಕೊಂಡು ಮನೆಗೆ ಬಂದೆ.

೨೩ ಮಾರ್ಚ್, ಸೋಮವಾರ. ಕೊಪ್ಪಳ. ಹತ್ತೂವರೆ

ದೊಡ್ಡ ಸಾಹೇಬರ ಕಚೇರಿಯ ಪಡಸಾಲೆ. ಬೆಂಚು. ಮುಂಜಾನೆಯ ಮೋಟಾರಿಗೆ ಬಂದೆವು, ನಾನು ಮತ್ತು ಹುಸೇನಪ್ಪ. ಪರವಾನಗಿಯ ಬಗ್ಗೆ ಒಂದು ಅರ್ಜಿ ಕೊಡಬೇಕು, ನೀನೂ ಇರಬೇಕು ಎಂದಷ್ಟೇ ಅವನಿಗೆ ಹೇಳಿದ್ದೇನೆ. ಪೂರ್ತಿ ಹೇಳಿದರೆ ಬೇಡ ಅನ್ನುತ್ತಾನೆ, ಅದು ಗೊತ್ತು. ಬೇಡ ಅಂದರೆ ನಾನು ಕೇಳಿಬಿಡುತ್ತೇನೆ, ಅದೂ ಗೊತ್ತು.

ಅರ್ಜಿ ಜೇಬಿನಲ್ಲಿದೆ. ಹೊಸದಾಗಿ ಬರೆದೆ. ಜನವರಿಯದ್ದರಲ್ಲಿ ಕಾರಣ ಬರೆದಿರಲಿಲ್ಲ. ಇದರಲ್ಲಿ ಇದೆ. ಅಂಜಿಕೆಯಿಂದ, ಎಂದು.

ಹುಸೇನಪ್ಪ ಪಕ್ಕದಲ್ಲಿ ಮಂಡಕ್ಕಿ ತಿನ್ನುತ್ತಿದ್ದಾನೆ. ನನಗೂ ಒಂದು ಹಿಡಿ ಕೊಟ್ಟ. ಬೇಡ ಅಂದೆ. "ಭಾಳ ಬರೀತೀರಿ ನೀವು" ಅಂದ. ಅವನಿಗೆ ಓದು ಬಾರದು, ಆದರೂ ಪುಟಕ್ಕೆ ಕೈ ಅಡ್ಡ ಹಿಡಿದು ಬರೆಯುತ್ತಿದ್ದೇನೆ.

ಹನ್ನೊಂದು ಹತ್ತು

ಸಾಹೇಬರು ಮೊಕ್ಕಾಮಿಗೆ ಹೋಗಿದ್ದರೆ ಚೆನ್ನಾಗಿತ್ತು ಅನಿಸುತ್ತಿದೆ. ಈಗಲೂ. ಇಷ್ಟು ದೂರ ಬಂದ ಮೇಲೂ. ಇದನ್ನು ಬರೆದೇ ಬಿಡುತ್ತೇನೆ, ಇನ್ನು ಮುಚ್ಚಿಡುವುದಕ್ಕೆ ಏನಿದೆ. ಒಳಗೆ ಗಡಿಯಾರದ ಸದ್ದು. ಇದ್ದಾರೆ.

ಇಂದು ಅಕ್ಷರ ಕೆಟ್ಟಿವೆ. ಮುತ್ತಿನ ಹಾಗಿಲ್ಲ.

ಹನ್ನೊಂದೂವರೆ

ಜವಾನ ಹೆಸರು ಕೂಗಿದ. ನನ್ನದು. ಏಳಲಿಲ್ಲ. ಈ ಸಾಲು ಮುಗಿಯಲಿ ಅಂದುಕೊಂಡೆ. ಮತ್ತೆ ಕೂಗಿದ. ಮೂರನೆಯ ಸಲ ಕೂಗಿದಾಗ ಇಲ್ಲದಿದ್ದರೆ ಅರ್ಜಿ ವಜಾ, ಬಾಗಿಲ ಮೇಲೆ ಬರೆದಿದೆ. ಹುಸೇನಪ್ಪ ಮಂಡಕ್ಕಿಯ ಕೈ ಧೋತರಕ್ಕೆ ಒರೆಸಿ ನನ್ನ ರಟ್ಟೆ ಹಿಡಿದಿದ್ದಾನೆ, ಎಬ್ಬಿಸುತ್ತಿದ್ದಾನೆ. "ಏಳ್ರಿ, ನಿಮ್ಮನ್ನ ಕರ್ಯಾಕತ್ತ್ಯಾರ. ಅಂಜಬ್ಯಾಡ್ರಿ, ನಾ ಅದೇನಿ" ಅನ್ನುತ್ತಿದ್ದಾನೆ. ಅವನಿಗೆ ಇನ್ನೂ ಗೊತ್ತಿಲ್ಲ, ನಾನು ಒಳಗೆ ಹೋಗುವುದು ಯಾರ ಹೆಸರು ತೊಳೆಯಲು ಎಂದು. ಏಳುತ್ತಿದ್ದೇನೆ.